ಆಟಿಯಲ್ಲಿ ಹಿತ್ತಿಲು ನೋಡುವುದು ಹೇಗೆ: ಕತ್ತಿ ಹಿಡಿಯುವ ಮೊದಲು ಒಂದು ತಿಂಗಳ ಕೆಲಸ

ಮಳೆ ಹಿಡಿದು ಒಂದು ತಿಂಗಳಾದರೆ ಸಾಕು, ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರ. ಮಬ್ಬು ಮಬ್ಬಾದ ಒಂದು ಫೋಟೋ, ಅದರ ಕೆಳಗೆ ‘ಇದೇನು? ಕೀಳಲಾ?’ ಕೆಲವು ಸಲ ಅದು ಗಿಡ, ಕೆಲವು ಸಲ ಹುಳ. ಒಂದೆರಡು ಸಲ ಟ್ಯಾಂಕಿನ ಗೋಡೆಗೆ ಅಂಟಿದ ಸೋಪಿನ ನೊರೆಯಂಥದ್ದು. ಕಾಪುವಿನಿಂದಲೂ ಬರುತ್ತದೆ, ಬಜಪೆಯಿಂದಲೂ ಬರುತ್ತದೆ, ಕದ್ರಿಯ ಫ್ಲ್ಯಾಟಿನ ಬಾಲ್ಕನಿಯಿಂದಲೂ ಬರುತ್ತದೆ.

ನನ್ನ ಉತ್ತರ ಹೆಚ್ಚಾಗಿ ಒಂದೇ. ಈಗ ಕೀಳಬೇಡಿ, ಒಂದು ತಿಂಗಳು ನೋಡಿ. ‘ನೋಡುವುದು ಅಂದರೆ ಹೇಗೆ?’ ಅಂತ ಮತ್ತೆ ಕೇಳುತ್ತಾರೆ. ಅದಕ್ಕೇ ಈ ಬರಹ.

ತಿಂಗಳು ಅಂದದ್ದು ಸುಮ್ನೆ ಅಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಕಪ್ಪೆ, ಚಿಟ್ಟೆ, ಕಳೆಗಿಡಗಳಿಗೆ ಇದು ಗಡಿಬಿಡಿಯ ಕಾಲ. ಕರಿಬೇವಿನ ಗಿಡದಲ್ಲಿ ಇಟ್ಟ ಚಿಟ್ಟೆಯ ಮೊಟ್ಟೆಯೊಂದು ಹುಳವಾಗಿ, ಗೂಡಾಗಿ, ರೆಕ್ಕೆ ಬಿಚ್ಚಿ ಹಾರಲು ಸುಮಾರು ಒಂದು ತಿಂಗಳು ಬೇಕು. ನಾವು ಹುಲ್ಲು ಹೆರೆಯುವ ಮೆಷಿನ್‌ನವರನ್ನು ಕರೆಸುವುದು ಸರಿಯಾಗಿ ಅದರ ನಡುವೆಯೇ, ಅಲ್ವಾ?

ತುಳು ತಿಂಗಳ ಲೆಕ್ಕ ಗೊತ್ತಿದ್ದವರಿಗೆ ಇದು ಸುಲಭ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ, ಆಮೇಲೆ ಸೋಣ. ಆಟಿ ಮೊದಲ ದಿನ ನೋಡಲು ಶುರು ಮಾಡಿ, ಸೋಣ ಬಂದ ಮೇಲೆ ಕತ್ತಿಯ ಮಾತು. ತಡವಾಗಿ ಓದುತ್ತಿದ್ದರೆ ಇವತ್ತಿನಿಂದಲೇ ಮೂವತ್ತು ದಿನ ಎಣಿಸಿ.

ಏನೇನು ಬೇಕು

ಒಂದು ನೋಟುಪುಸ್ತಕ, ಒಂದು ಪೆನ್ಸಿಲ್. ಪೆನ್ನು ಬೇಡ, ಹನಿ ಬಿದ್ದರೆ ಶಾಯಿ ಹರಡುತ್ತದೆ. ಟಾರ್ಚು, ಮೊಬೈಲ್, ಮೊಣಕಾಲಿನ ತನಕ ಬರುವ ಗಮ್‌ಬೂಟು. ಕೊಡೆಗಿಂತ ರೈನ್‌ಕೋಟು ಒಳ್ಳೆಯದು, ಎರಡೂ ಕೈ ಖಾಲಿ ಇರುತ್ತದೆ. ಜೊತೆಗೆ ಹತ್ತು ರೂಪಾಯಿಯ ಒಂದು ನಾಣ್ಯ. ಫೋಟೋ ತೆಗೆಯುವಾಗ ಹುಳದ ಪಕ್ಕ ಅದನ್ನು ಇಟ್ಟರೆ ಅಳತೆ ಸಿಗುತ್ತದೆ. ನಾಣ್ಯದ ಅಗಲ 27 ಮಿ.ಮೀ.

ಬೂಟಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕಾರಣ ಎರಡು. ಒಂದು, ಇಲಿಜ್ವರ. ಇಲಿಯ ಮೂತ್ರ ಸೇರಿದ ಕೆಸರು ನೀರು ಕಾಲಿನ ಗಾಯಕ್ಕೆ ತಾಗಿದರೆ ಬರುವ ಜ್ವರ ಇದು, ಮಳೆಗಾಲದಲ್ಲಿ ನಮ್ಮ ಕಡೆ ಇದ್ದದ್ದೇ. ಎರಡು, ಕನ್ನಡಿ ಹಾವು ಮತ್ತು ಕಟ್ಟು ಹಾವು. ದರಲೆ ರಾಶಿ, ಕಲ್ಲಿನ ಸಂದು, ಬಿದ್ದ ಮಡಲಿನ ಅಡಿಗೆ ಬರಿಗೈ ಹಾಕಬೇಡಿ, ಕೋಲಿನಿಂದ ಎತ್ತಿ. ಹಾವು ಕಂಡರೆ ಹಿಂದೆ ಸರಿಯಿರಿ, ಫೋಟೋಕ್ಕೆ ಬೆನ್ನು ಹತ್ತಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು ಸೀದಾ ಆಸ್ಪತ್ರೆಗೆ ಹೋಗಿ.

1. ಒಂದೇ ಒಂದು ಮೂಲೆ ಆರಿಸಿ

ಇಡೀ ಹಿತ್ತಿಲು ನೋಡುತ್ತೇನೆ ಅಂತ ಹೊರಟವರು ಮೂರನೇ ದಿನಕ್ಕೆ ಬಿಡುತ್ತಾರೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ ಸಾಕು. ಆದರೆ ಆ ಚೌಕದೊಳಗೆ ಮೂರು ಬಗೆ ಜಾಗ ಸೇರಿರಲಿ: ಪಾಚಿ ಹಿಡಿದ ಮುರಕಲ್ಲಿನ ಪಾಗಾರ ಅಥವಾ ಬಾವಿಕಟ್ಟೆ, ಹುಲ್ಲು ಬೆಳೆದ ನೆಲ, ಮತ್ತೆ ಕರಿಬೇವು ಅಥವಾ ಲಿಂಬೆಯಂಥ ಒಂದು ಗಿಡ. ತೆಂಗಿನ ಬುಡವೂ ಸಿಕ್ಕಿದರೆ ಇನ್ನೂ ಒಳ್ಳೆಯದು.

ನಾಲ್ಕು ಮೂಲೆಗೆ ಕೋಲು ಊರಿ ಬಣ್ಣದ ಬಟ್ಟೆ ಕಟ್ಟಿ. ಇದು ನಿಮಗಲ್ಲ, ಹುಲ್ಲು ಹೆರೆಯಲು ಬರುವವರಿಗೆ. ಬಾಯಲ್ಲಿ ಹೇಳಿದ್ದು ಮೆಷಿನ್ ಶಬ್ದದಲ್ಲಿ ಮರೆತುಹೋಗುತ್ತದೆ. ಹೀಗೆ ಮರೆತೇ ನಾನು ಒಂದು ವರ್ಷ ಈಶ್ವರ ಬಳ್ಳಿ ಕಳೆದುಕೊಂಡೆ, ಅದರಲ್ಲಿದ್ದ ಹನ್ನೊಂದು ಹುಳಗಳ ಸಮೇತ.

ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿದವರು ಬೇಸರ ಮಾಡಬೇಡಿ. ಕಲ್ಲುಗಳ ಸಂದಿನಲ್ಲಿ ನೆಲನೆಲ್ಲಿ ಬಂದೇ ಬರುತ್ತದೆ. ಫ್ಲ್ಯಾಟಿನವರಿಗೆ ಆರು ಕುಂಡ ಸಾಕು, ಅದರಲ್ಲಿ ಒಂದನ್ನು ಏನೂ ನೆಡದೆ ಬರೀ ಮಣ್ಣು ತುಂಬಿ ಮಳೆಗೆ ಇಡಿ.

2. ಹೊತ್ತು ಗೊತ್ತು ಮಾಡಿಕೊಳ್ಳಿ

ದಿನಕ್ಕೆ ಹತ್ತು ನಿಮಿಷ, ಅದೇ ಜಾಗ. ಬೆಳಿಗ್ಗೆ ಏಳರ ಆಸುಪಾಸಿನಲ್ಲಿ ಹಕ್ಕಿ ಮತ್ತು ಹುಳ ಕಾಣುತ್ತವೆ. ಮಳೆ ಹೊಳವಾಗಿ ಬಿಸಿಲು ಬಿದ್ದ ಕೂಡಲೇ ಚಿಟ್ಟೆಗಳು ಬರುತ್ತವೆ. ಅವುಗಳ ಮೈ ತಾನಾಗಿ ಬೆಚ್ಚಗಾಗುವುದಿಲ್ಲ, ಬಿಸಿಲಿಗೆ ರೆಕ್ಕೆ ಹರಡಿ ಕಾಯಿಸಿಕೊಂಡೇ ಹಾರಬೇಕು. ಆ ಎರಡು ಮೂರು ನಿಮಿಷ ಅಲ್ಲಾಡದೆ ಕೂತಿರುತ್ತವೆ, ಫೋಟೋಕ್ಕೆ ಅದೇ ಸಮಯ. ರಾತ್ರಿ ಎಂಟರ ಮೇಲೆ ಕಪ್ಪೆಗಳದ್ದು.

ಮೂರೂ ಹೊತ್ತು ಆಗುವುದಿಲ್ಲ ಅಂದರೆ ಒಂದನ್ನೇ ಹಿಡಿದುಕೊಳ್ಳಿ. ದಿನ ಬಿಟ್ಟು ದಿನವಾದರೂ ಅಡ್ಡಿಯಿಲ್ಲ. ಭಾನುವಾರ ಮಾತ್ರ ಎರಡು ಗಂಟೆ ಕೂತೆ ಅಂದರೆ ಪ್ರಯೋಜನ ಕಡಿಮೆ. ಇಲ್ಲಿ ನೋಡಬೇಕಾದದ್ದು ನಿನ್ನೆಗೂ ಇವತ್ತಿಗೂ ಏನು ಬದಲಾಯಿತು ಅಂತ.

3. ಗಿಡಗಳಿಂದ ಶುರು ಮಾಡಿ

ಅವು ಓಡಿಹೋಗುವುದಿಲ್ಲ ನೋಡಿ. ಪ್ರತಿ ಗಿಡಕ್ಕೂ ನಾಲ್ಕು ಪ್ರಶ್ನೆ ಕೇಳಿ. ಎಲೆ ಕಾಂಡಕ್ಕೆ ಹೇಗೆ ಕೂತಿದೆ, ಎದುರುಬದುರಾ, ಒಂದು ಬಿಟ್ಟು ಒಂದಾ, ಸುತ್ತಲೂ ಗುಂಪಾಗಿಯಾ? ಮುರಿದರೆ ಹಾಲು ಬರುತ್ತದಾ? ಹೂವು ಎಲ್ಲಿ ಬಿಡುತ್ತದೆ? ಸಂಜೆ ಎಲೆ ಏನು ಮಾಡುತ್ತದೆ?

ಕೊನೆಯ ಪ್ರಶ್ನೆ ವಿಚಿತ್ರ ಅನಿಸಬಹುದು. ತಗಟೆ ಗಿಡ ನೋಡಿ. ತುಳುವಿನಲ್ಲಿ ತಜಂಕ್, ಆಟಿಯಲ್ಲಿ ಚಿಗುರು ಕೊಯ್ದು ಪಲ್ಯ, ಅಂಬಡೆ ಮಾಡುವ ಸೊಪ್ಪು. ಒಂದು ದಂಟಿನಲ್ಲಿ ಸಾಮಾನ್ಯವಾಗಿ ಮೂರು ಜೊತೆ ಎಲೆ. ಹಗಲು ಅಗಲವಾಗಿ ಬಿಚ್ಚಿಕೊಂಡಿದ್ದದ್ದು ಸಂಜೆಗೆ ಜೊತೆಜೊತೆಯಾಗಿ ಮಡಿಚಿ ಮಲಗುತ್ತದೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರು ಆಮೇಲೆ ತಗಟೆಯನ್ನು ಬೇರೆ ಗಿಡ ಅಂತ ತಪ್ಪು ತಿಳಿಯುವುದಿಲ್ಲ.

ನಿಮ್ಮ ಚೌಕದಲ್ಲಿ ಬರುವ ಸಾಧ್ಯತೆ ಜಾಸ್ತಿ ಇರುವ ಇನ್ನು ಕೆಲವು ಗಿಡಗಳಿವೆ. ಒಂದೆಲಗ, ಅಂದರೆ ತಿಮರೆ, ನೆಲಕ್ಕೆ ಅಂಟಿ ಹರಿದು ಗಂಟು ಗಂಟಿನಲ್ಲಿ ಬೇರು ಬಿಡುತ್ತದೆ. ನೆಲನೆಲ್ಲಿಯ ಎಲೆಸಾಲನ್ನು ತಿರುಗಿಸಿದರೆ ಅಡಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಯಿ ಸಾಲಾಗಿ ಕಾಣುತ್ತದೆ. ತುಂಬೆಯ ಬಿಳಿ ಹೂವು ಗೊತ್ತೇ ಇದೆ. ಕೆಸುವಿನ ಎಲೆಯಲ್ಲಿ ನೀರು ನಿಲ್ಲದೆ ಮುತ್ತಾಗಿ ಉರುಳುತ್ತದೆ. ಹಲಸು, ಮಾವಿನ ಕಾಂಡದ ಮೇಲೂ ಕತ್ತೆತ್ತಿ ನೋಡಿ, ಪಾಚಿಯ ನಡುವೆ ಮರಕೆಸು ಎದ್ದಿರಬಹುದು. ಪತ್ರೊಡೆಗೆ ಅದನ್ನೇ ಹುಡುಕುವವರಿದ್ದಾರೆ.

ಇಲ್ಲಿಯೇ ತಪ್ಪುಗಳು ಆಗುವುದು. ಮೂರು ಎಚ್ಚರಿಕೆ ಹೇಳುತ್ತೇನೆ.

ಕೆಸುವಿನ ಜಾತಿಗಳಲ್ಲಿ ತಿನ್ನುವುದೂ ಇದೆ, ತಿನ್ನಬಾರದ್ದೂ ಇದೆ. ಎಲೆಯೊಳಗೆ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅದರಿಂದಲೇ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕೇ. ನೀವೇ ಹೊಸದಾಗಿ ಗುರುತಿಸಿದ ಕೆಸುವನ್ನು ಅಡುಗೆಮನೆಗೆ ತರಬೇಡಿ, ಮನೆಯಲ್ಲಿ ವರ್ಷಗಟ್ಟಲೆ ಬಳಸಿದವರು ನೋಡಿ ಹೌದು ಅನ್ನಲಿ. ಅಣಬೆಗೆ ಇನ್ನೂ ಕಠಿಣ ನಿಯಮ: ಫೋಟೋ ನೋಡಿ, ಆ್ಯಪ್ ನಂಬಿ ಯಾವ ಅಣಬೆಯನ್ನೂ ತಿನ್ನಬೇಡಿ. ತಿನ್ನಬಹುದಾ ಅಂತ ನನಗೂ ಕಳಿಸಬೇಡಿ, ಉತ್ತರ ಕೊಡುವುದಿಲ್ಲ.

ಎರಡನೆಯದು ಹಾಲೆ ಮರ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಕತ್ತಿ ತಾಗಿಸದೆ ಕಲ್ಲಿನಲ್ಲಿ ಜಜ್ಜಿ ತೊಗಟೆ ತಂದು ಕಷಾಯ ಕುಡಿಯುವ ಪದ್ಧತಿ ನಮ್ಮಲ್ಲಿದೆ. ಕತ್ತಲೆಯಲ್ಲಿ ಹಾಲೆ ಅಂದುಕೊಂಡು ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಕುತ್ತು. ಅದರಲ್ಲಿ ಸ್ಟ್ರಿಕ್ನಿನ್ ಎಂಬ ವಿಷವಿದೆ. ಆದ್ದರಿಂದ ಹಗಲಿನಲ್ಲೇ ಮರ ಗುರುತು ಮಾಡಿಡಿ. ಹಾಲೆಯಲ್ಲಿ ಎಲೆಗಳು ಒಂದೇ ಗಂಟಿನ ಸುತ್ತ ಕೊಡೆಯ ಕಡ್ಡಿಯ ಹಾಗೆ ಗುಂಪಾಗಿ ಇರುತ್ತವೆ, ಹೆಚ್ಚಾಗಿ ಏಳು. ಗೀರಿದರೆ ಬಿಳಿ ಹಾಲು ಸುರಿಯುತ್ತದೆ. ಕಾಸರಕದಲ್ಲಿ ಎಲೆ ಎದುರುಬದುರು ಜೋಡಿ, ಎಲೆಯ ಬುಡದಿಂದಲೇ ಮೂರರಿಂದ ಐದು ನರ ಹೊರಡುತ್ತವೆ, ಹಾಲು ಬರುವುದಿಲ್ಲ. ಹಣ್ಣು ಕಿತ್ತಳೆ ಬಣ್ಣದ ಚೆಂಡಿನ ಹಾಗೆ. ಒಂದೇ ಒಂದು ಗುರುತು ತಾಳೆಯಾಗದಿದ್ದರೂ ಆ ಮರ ಬಿಡಿ.

ಮೂರನೆಯದು ಅಗ್ನಿಶಿಖೆ. ಹಳದಿ ಕೆಂಪು ಜ್ವಾಲೆಯಂಥ ಹೂವು, ಎಲೆಯ ತುದಿಯೇ ಸುರುಳಿಯಾಗಿ ಬೇಲಿಗೆ ಹಿಡಿದುಕೊಳ್ಳುತ್ತದೆ. ನೋಡಲು ಚಂದ. ಆದರೆ ಅದರ ಗೆಡ್ಡೆ ಕಡು ವಿಷ. ಮಕ್ಕಳಿರುವ ಮನೆಯಲ್ಲಿ ಮುಟ್ಟಬಾರದು ಅಂತ ಹೇಳಿಕೊಟ್ಟು ಬಿಡಿ.

4. ಎಲೆ ತಿರುಗಿಸಿ ನೋಡಿ

ಎಲೆ ತೂತಾಗಿದೆ ಅಂತ ಕೂಡಲೇ ಬೇವಿನೆಣ್ಣೆ ಹಿಡಿದುಕೊಂಡು ಹೋಗಬೇಡಿ. ಯಾರು ತಿಂದದ್ದು ಅಂತ ಮೊದಲು ನೋಡಿ.

ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಂದು ಬಿಳಿಯ ಮಚ್ಚೆ ಕಾಣುತ್ತದೆ. ಹತ್ತಿರ ಹೋಗಿ. ಹಿಕ್ಕೆ ಎಲೆಯಿಂದ ಎಲೆಗೆ ನಡೆಯುವುದಿಲ್ಲ. ಅದು ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಮರಿಹುಳ. ಹಕ್ಕಿ ತಿನ್ನದಿರಲಿ ಅಂತ ಈ ವೇಷ. ಹಲವು ಸಲ ಪೊರೆ ಬಿಟ್ಟ ಮೇಲೆ ಅದೇ ಹುಳ ಎಲೆಯಷ್ಟೇ ಹಸಿರಾಗುತ್ತದೆ, ತಲೆಯ ಹಿಂದೆ ಎರಡು ಸುಳ್ಳು ಕಣ್ಣು. ಮೆತ್ತಗೆ ಹುಲ್ಲುಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೊಂಬೊಂದು ಹೊರಗೆ ಬಂದು, ಕೊಳೆತ ಲಿಂಬೆಯಂಥ ವಾಸನೆ ಬಿಡುತ್ತದೆ. ಎರಡು ಸೆಕೆಂಡು, ಮತ್ತೆ ಒಳಗೆ. ದಿನಕ್ಕೊಂದು ಸಲಕ್ಕಿಂತ ಜಾಸ್ತಿ ಹೀಗೆ ಕಾಡಬೇಡಿ, ಅದಕ್ಕೆ ತಿನ್ನುವ ಕೆಲಸ ಇದೆ.

ಒಂದು ಚಿಟ್ಟೆ ಮೊಟ್ಟೆ ಇಡುವ ಗಿಡಕ್ಕೆ ಆಹಾರ ಸಸ್ಯ ಅನ್ನುತ್ತಾರೆ, ಅಂದರೆ ಮರಿಹುಳದ ಊಟದ ಗಿಡ. ಯಾವ ಗಿಡದಲ್ಲಿ ಹುಳ ಇದೆ ಅಂತ ಗೊತ್ತಾದರೆ ಹೆಸರು ಅರ್ಧ ಸಿಕ್ಕಿದ ಹಾಗೆ. ಎಕ್ಕದಲ್ಲಿದ್ದರೆ ಪ್ಲೇನ್ ಟೈಗರ್. ಲಿಂಬೆಯಲ್ಲಿ ಲೈಮ್ ಅಥವಾ ಬ್ಲೂ ಮಾರ್ಮನ್. ಪಾಗಾರದ ಸಾಲಿಗೆ ನೆಟ್ಟ ಎತ್ತರದ ಅಶೋಕದಲ್ಲಿ ಹಸಿರು ಚುಕ್ಕಿಯ ಟೇಲ್ಡ್ ಜೇ. ತಗಟೆಯಲ್ಲಿ ಬಿಳಿ ಹಳದಿಯ ಎಮಿಗ್ರಂಟ್. ಈಶ್ವರ ಬಳ್ಳಿ ಇದ್ದವರು ಪುಣ್ಯವಂತರು, ಕ್ರಿಮ್ಸನ್ ರೋಸ್ ಅದಕ್ಕೇ ಬರುತ್ತದೆ, ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ. ಕಪ್ಪು ಹಳದಿ ಬಣ್ಣ, ರೆಕ್ಕೆ ಹರಡಿದರೆ ಅಂಗೈಗಿಂತ ಅಗಲ. ಇವೆಲ್ಲ ಒಂದೇ ಜಾಗದಲ್ಲಿ ನೋಡಬೇಕೆಂದಿದ್ದರೆ ಮೂಡುಬಿದಿರೆ ಹತ್ತಿರದ ಬೆಳುವಾಯಿಯಲ್ಲಿ ಚಿಟ್ಟೆ ಪಾರ್ಕ್ ಇದೆ, ಗಿಡಗಳ ಗುರುತು ಕಲಿಯಲೂ ಒಳ್ಳೆಯ ಜಾಗ.

ರೋಮ ಇರುವ ಹುಳಗಳನ್ನು, ನಮ್ಮ ಭಾಷೆಯಲ್ಲಿ ಕಂಬಳಿಹುಳ, ಮುಟ್ಟಬೇಡಿ. ತಾಗಿದರೆ ಉಜ್ಜದೆ, ಪ್ಲಾಸ್ಟರ್ ಟೇಪ್ ಅಂಟಿಸಿ ಎತ್ತಿ ರೋಮ ತೆಗೆದು ತೊಳೆಯಿರಿ.

5. ಕಪ್ಪೆಗೆ ಕಿವಿ ಕೊಡಿ

ಟ್ಯಾಂಕಿನ ಗೋಡೆಯ ಸೋಪಿನ ನೊರೆ ಅಂದೆನಲ್ಲ, ಅದು ಮರಗಪ್ಪೆಯ ಗೂಡು. ನೀರಿನ ಮೇಲೆ ಬಾಗಿದ ಎಲೆಗೋ ಸಿಮೆಂಟ್ ತೊಟ್ಟಿಯ ಒಳಗೋಡೆಗೋ ಅಂಟಿಸುತ್ತದೆ. ಒಳಗೆ ಮೊಟ್ಟೆ. ಕೆಲವು ದಿನಗಳಲ್ಲಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಜಾರುತ್ತವೆ. ಉಜ್ಜಿ ತೆಗೆಯಬೇಡಿ. ಕುಡಿಯುವ ನೀರಿನ ತೊಟ್ಟಿಯಾದರೆ ಬಟ್ಟಲಿಗೆ ಮೆಲ್ಲಗೆ ಇಳಿಸಿ, ನೆರಳಿನಲ್ಲಿರುವ ಬೇರೆ ನೀರಿನ ಮೇಲೆ ಇಡಿ.

ಇನ್ನೊಂದು ನಮ್ಮದೇ ಊರಿನ ಕಥೆ. ಮಳೆಗಾಲದ ರಾತ್ರಿ ಹುಲ್ಲಿನಲ್ಲಿ ಜೀರುಂಡೆ ಕೂಗಿದ ಹಾಗೆ ಕೇಳುತ್ತದೆ. ಅದೆಲ್ಲ ಜೀರುಂಡೆ ಅಲ್ಲ. ಮಣಿಪಾಲದ ಮುರಕಲ್ಲಿನ ಬಯಲಿನಲ್ಲಿ ಸಿಕ್ಕಿದ ಒಂದು ಪುಟ್ಟ ಕಪ್ಪೆಗೆ 2016ರಲ್ಲಿ ಹೊಸ ಪ್ರಭೇದ ಅಂತ ಹೆಸರಿಟ್ಟರು: ಮೈಕ್ರೋಹೈಲಾ ಲ್ಯಾಟರೈಟ್. ಲ್ಯಾಟರೈಟ್ ಅಂದರೆ ನಮ್ಮ ಮುರಕಲ್ಲೇ. ಉದ್ದ ಸುಮಾರು 1.6 ಸೆಂಟಿಮೀಟರ್, ನಿಮ್ಮ ಹತ್ತು ರೂಪಾಯಿ ನಾಣ್ಯದ ಮೇಲೆ ಆರಾಮಾಗಿ ಕೂರುತ್ತದೆ. ಕಣ್ಣಿಗೆ ಬೀಳುವುದು ಕಷ್ಟ. ಟಾರ್ಚು ಆರಿಸಿ ಒಂದು ನಿಮಿಷ ನಿಂತು ಮೊಬೈಲಿನಲ್ಲಿ ಶಬ್ದ ರೆಕಾರ್ಡ್ ಮಾಡಿಕೊಳ್ಳಿ. ಕಪ್ಪೆ ಗುರುತಿಸಲು ಚಿತ್ರಕ್ಕಿಂತ ಕೂಗು ಹೆಚ್ಚು ಸಹಾಯಕ್ಕೆ ಬರುತ್ತದೆ.

ಕಪ್ಪೆಗೆ ಅಂತ ಹಿತ್ತಿಲಲ್ಲಿ ಸಿಕ್ಕಸಿಕ್ಕಲ್ಲಿ ನೀರು ನಿಲ್ಲಿಸುವುದು ಮಾತ್ರ ದೊಡ್ಡ ತಪ್ಪು. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರದಿಂದ ಹತ್ತು ದಿನ ಸಾಕು. ತೆಂಗಿನ ಗೆರಟೆ, ಅಡಿಕೆ ಹಾಳೆ, ಕುಂಡದ ತಟ್ಟೆ, ಟಯರು, ರಬ್ಬರ್ ತೋಟದ ಹಾಲಿನ ಚಿಪ್ಪು, ಇವೆಲ್ಲ ವಾರಕ್ಕೊಂದು ಸಲ ಕವುಚಿ ಹಾಕಲೇಬೇಕು. ಪ್ರತಿ ಶುಕ್ರವಾರ ಅಂತ ನೋಟುಪುಸ್ತಕದಲ್ಲೇ ಬರೆದುಕೊಳ್ಳಿ.

6. ಹಕ್ಕಿಗಳು

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹಕ್ಕಿ ನೋಡುವವರು ಈಗ ಊರ ತುಂಬ ಇದ್ದಾರೆ. ಬೇಲಿಯೊಳಗಿಂದ ಡಬ್ಬ ಬಡಿದ ಹಾಗೆ ‘ಊಪ್ ಊಪ್’ ಅಂದರೆ ಕೆಂಬೂತ. ಗದ್ದೆ, ತೋಡಿನ ಬದಿಯಲ್ಲಿ ರಾತ್ರಿಯೂ ಬಿಡದೆ ‘ಕ್ವಾಕ್ ಕ್ವಾಕ್’ ಅಂದರೆ ಹುಂಡುಕೋಳಿ, ಎದೆ ಬಿಳಿ. ಗದ್ದೆ ಹತ್ತಿರ ಇದ್ದರೆ ತೆಂಗಿನ ಮಡಲಿನ ತುದಿಯಲ್ಲಿ ಗೀಜಗನ ಗೂಡು ಹುಡುಕಿ, ಕಟ್ಟುವುದು ಈಗಲೇ. ನವಿಲಿನ ಗರಿ ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಉದುರುತ್ತದೆ. ಯಾವ ವಾರ ಉದ್ದ ಬಾಲ ಮಾಯವಾಯಿತು ಅಂತ ಬರೆದಿಡಿ.

ಗೂಡು ಕಂಡರೆ ಹತ್ತಿರ ಹೋಗಬೇಡಿ, ಫ್ಲ್ಯಾಶ್ ಹಾಕಬೇಡಿ, ಕಾಣಲಿ ಅಂತ ಎಲೆ ಸವರಬೇಡಿ. ನೀವು ತೆರೆದ ದಾರಿಯನ್ನು ಕಾಗೆ ನೋಡುತ್ತಿರುತ್ತದೆ.

7. ಅಲ್ಲೇ ನಿಂತು ಬರೆಯಿರಿ

ಒಳಗೆ ಬಂದು ಕಾಫಿ ಕುಡಿದು ಬರೆಯುತ್ತೇನೆ ಅಂದರೆ ಅರ್ಧ ಮರೆತುಹೋಗುತ್ತದೆ. ನನ್ನ ಪುಸ್ತಕದ ಒಂದು ದಿನ ಹೀಗಿದೆ:

‘ಆಟಿ 4, ಬೆಳಿಗ್ಗೆ 7.20. ರಾತ್ರಿ ಜೋರು ಮಳೆ, ಈಗ ಹೊಳವು. ತಗಟೆ ಮೊಣಕಾಲೆತ್ತರ, ಹೂವಿಲ್ಲ. ಎಲೆಯಡಿ ಹಸಿರು ಹುಳ 2. ಕರಿಬೇವು: ಹಿಕ್ಕೆಯಂಥ ಹುಳ 3, ನಿನ್ನೆ 5 ಇತ್ತು. ಪಾಗಾರದ ಮೇಲೆ ಮಡಿವಾಳ ಹಕ್ಕಿ, ಕೊಕ್ಕಿನಲ್ಲಿ ಏನೋ ಇದೆ.’

ಹೆಸರು ಗೊತ್ತಿಲ್ಲದಿದ್ದರೆ ‘ಮೂಲೆಯ ನೇರಳೆ ಹೂ’ ಅಂತ ಬರೆದರೂ ಆದೀತು. ಎಣಿಕೆ ಮತ್ತು ತಾರೀಕು ಮಾತ್ರ ಬಿಡಬೇಡಿ. ಆಮೇಲೆ ಮನೆಯ ಅಜ್ಜಿಯನ್ನೋ ತೋಟದ ಕೆಲಸಕ್ಕೆ ಬರುವವರನ್ನೋ ಕೇಳಿ ತುಳು, ಕನ್ನಡ, ಕೊಂಕಣಿ ಹೆಸರು ಯಾವುದು ಸಿಕ್ಕಿದರೂ ಪಕ್ಕದಲ್ಲಿ ಬರೆಯಿರಿ.

ಆ್ಯಪ್‌ಗಳಲ್ಲಿ ಐನ್ಯಾಚುರಲಿಸ್ಟ್ ಎಲ್ಲದಕ್ಕೂ ಆಗುತ್ತದೆ, ಹಕ್ಕಿಯ ಕೂಗಿಗೆ ಮರ್ಲಿನ್. ಎರಡೂ ಉಚಿತ. ಫೋಟೋ ಮೂರು ಬೇಕು: ಇಡೀ ಗಿಡ, ಎಲೆಯ ಮೇಲೆ ಕೆಳಗೆ, ಹೂವು ಅಥವಾ ಕಾಯಿ. ಒಂದೇ ಫೋಟೋ ಹಾಕಿ ಆ್ಯಪ್ ತಪ್ಪು ಹೇಳಿತು ಅಂತ ಬೈಯುವವರು ಬಹಳ. ಯಂತ್ರ ಮೊದಲು ಹೇಳುವುದು ಬರೀ ಊಹೆ, ಬೇರೆ ಜನ ನೋಡಿ ಒಪ್ಪಿದ ಮೇಲೆ ನಂಬಿ. ಮಳೆ ಹಂಚಿನ ಮೇಲೆ ಬೀಳುವಾಗ ಮರ್ಲಿನ್‌ಗೆ ಏನೂ ಕೇಳುವುದಿಲ್ಲ. ಮತ್ತೆ, ಮನೆಯ ಜಾಗ ನಿಖರವಾಗಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ, ಮಸುಕು ಮಾಡುವ ಆಯ್ಕೆ ಸೆಟ್ಟಿಂಗಿನಲ್ಲಿದೆ.

ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ‘ಬಿಗ್ ಬಟರ್‌ಫ್ಲೈ ಮಂತ್’ ಅಂತ ಚಿಟ್ಟೆ ಎಣಿಕೆ ನಡೆಯುತ್ತದೆ, 2020ರಿಂದ ಶುರುವಾದದ್ದು. ನಿಮ್ಮ ಒಂದು ತಿಂಗಳ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬರುತ್ತದೆ.

8. ಈಗ ‘ಕೀಳಲಾ?’ ಪ್ರಶ್ನೆಗೆ

ಎಲ್ಲವನ್ನೂ ಉಳಿಸಿ ಅಂತ ನಾನು ಹೇಳುವುದಿಲ್ಲ. ತಿಂಗಳು ಕಾಯದೆ ಕಿತ್ತು ಹಾಕಬೇಕಾದದ್ದೂ ಇದೆ. ಕಮ್ಯುನಿಸ್ಟ್ ಗಿಡ ಹೊರದೇಶದಿಂದ ಬಂದದ್ದು, ಒಂದು ಸಲ ಹೂ ಬಿಟ್ಟು ಬೀಜ ಹಾರಿತೆಂದರೆ ಮುಂದಿನ ವರ್ಷ ಇಡೀ ಗುಡ್ಡ ಅದರದ್ದೇ. ಮಳೆಗೆ ಮಣ್ಣು ಮೆತ್ತಗಿರುವಾಗಲೇ ಬೇರುಸಹಿತ ಎಳೆಯಿರಿ, ಕಡಿದರೆ ಮತ್ತೆ ಚಿಗುರುತ್ತದೆ. ಹಳದಿ ಹೂವಿನ ಸಿಂಗಾಪುರ ಡೈಸಿ ಇನ್ನೂ ಹಟಮಾರಿ, ತುಂಡು ಬಿದ್ದಲ್ಲೆಲ್ಲ ಬೇರು ಬಿಡುತ್ತದೆ. ಕಿತ್ತದ್ದನ್ನು ತೋಡಿಗೆ ಎಸೆಯಬೇಡಿ, ಬಿಸಿಲು ಬರುವ ತನಕ ಸಿಮೆಂಟ್ ನೆಲದ ಮೇಲೆ ಹಾಕಿ ಒಣಗಿಸಿ.

ಆಫ್ರಿಕನ್ ಬಸವನಹುಳು ಬಂದಿದ್ದರೆ ದಯೆ ಬೇಡ. ಬಸಳೆ, ಹರಿವೆ, ಪಪ್ಪಾಯಿ ಸಸಿ ಯಾವುದನ್ನೂ ಬಿಡುವುದಿಲ್ಲ. ಸಂಜೆ ಒದ್ದೆ ಗೋಣಿಯ ಅಡಿಯಲ್ಲಿ ಪಪ್ಪಾಯಿ ಎಲೆ ಹರಡಿ ಇಡಿ, ಬೆಳಿಗ್ಗೆ ಗೋಣಿ ಎತ್ತಿದರೆ ಗುಂಪಾಗಿ ಸಿಗುತ್ತವೆ. ಕೈಗವಸು ಹಾಕಿ ಹೆಕ್ಕಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಅದರ ಲೋಳೆಯಲ್ಲಿ ಮನುಷ್ಯರಿಗೆ ಕಾಯಿಲೆ ತರುವ ಹುಳಗಳಿರಬಹುದು. ಉಪ್ಪನ್ನು ನೆಲಕ್ಕೆ ಎರಚುವವರಿದ್ದಾರೆ, ಅದರಿಂದ ಹುಳುವಿನ ಜೊತೆ ಗಿಡವೂ ಸಾಯುತ್ತದೆ. ಮುಟ್ಟಿದರೆ ಚಕ್ಕುಲಿಯ ಹಾಗೆ ಸುತ್ತಿಕೊಳ್ಳುವ ಚೇರಟೆಯನ್ನು ಮಾತ್ರ ಸುಮ್ನೆ ಬಿಡಿ. ಅದು ಕೊಳೆತ ಎಲೆ ತಿಂದು ಗೊಬ್ಬರ ಮಾಡಿಕೊಡುತ್ತದೆ.

ಉಳಿದ ಚೌಕವನ್ನು ಸೋಣದಲ್ಲಿ ಹೆರೆಸುವುದಾದರೆ ಒಂದೇ ದಿನ ಪೂರ್ತಿ ಬೇಡ. ಮೊದಲು ಅರ್ಧ, ಹತ್ತು ದಿನ ಬಿಟ್ಟು ಇನ್ನರ್ಧ. ಕರಿಬೇವು, ಈಶ್ವರ ಬಳ್ಳಿ, ಎಕ್ಕದ ಸುತ್ತ ಒಂದು ಮೊಳ ಬಿಟ್ಟೇ ಬಿಡಿ. ತಗಟೆಯಲ್ಲಿ ಕಾಯಿ ಬಂದಿದ್ದರೆ ಒಂದೆರಡು ಗಿಡ ಒಣಗುವ ತನಕ ಇರಲಿ, ಮುಂದಿನ ಆಟಿಯ ಅಂಬಡೆಗೆ ಬೀಜ ಬೇಕಲ್ಲ. ಮೆಷಿನ್ ಶುರು ಮಾಡುವ ಮೊದಲು ಉದ್ದ ಕೋಲಿನಿಂದ ಹುಲ್ಲನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಮೆಲ್ಲಗೆ ಬಡಿಯುತ್ತಾ ಹೋಗಿ, ಹತ್ತು ನಿಮಿಷ ಬಿಡಿ. ಕಪ್ಪೆ, ಅರಣೆ, ಓತಿಕ್ಯಾತ ಎಲ್ಲ ಆ ಹೊತ್ತಿನಲ್ಲಿ ಉಳಿಸಿದ ಅರ್ಧಕ್ಕೆ ಸರಿದುಕೊಳ್ಳುತ್ತವೆ. ಯಾವುದು ಯಾವ ಬದಿಗೆ ಓಡಿತು ಅಂತ ಅದನ್ನೂ ಬರೆದುಕೊಳ್ಳಿ.